ರುಕ್ಮಿಣೀಬಾಯಿ ಏಕಾದಶಿಗೆ ಬಡಿಸಿದ್ದು

ನಮ್ಮ ಅತ್ತೆ ರುಕ್ಮಿಣೀಬಾಯಿಗೆ ಅರವತ್ತೊಂದು. ಬಸವನ ಬಾಗೇವಾಡಿಯ ಈ ಮನೆಗೆ ಬಂದಾಗಿನಿಂದ ಅಡುಗೆಮನೆಯ ಕ್ಯಾಲೆಂಡರ್ ಅವರ ಸ್ವತ್ತು. ಮನೆಯ ಹೆಂಗಸರು ಮುಟ್ಟಾಗಿ ಹೊರಗೆ ಕುಳಿತ ದಿನಗಳಿಗೆ ಕುಂಕುಮದ ಬೊಟ್ಟಿಟ್ಟು ಪಕ್ಕದಲ್ಲಿ ಹೆಸರಿನ ಮೊದಲಕ್ಷರ ಬರೆಯುತ್ತಾರೆ. ಹಬ್ಬ, ಶ್ರಾದ್ಧಕ್ಕೆ ಮಡಿ ಅಡುಗೆಗೆ ಯಾರು ಸಿಗುತ್ತಾರೆಂದು ಮೊದಲೇ ತಿಳಿಯಲು. ಮದುವೆಯಾದ ಹೊಸತರಲ್ಲಿ ನನ್ನ ಹೆಸರಿನ ಬೊಟ್ಟು ಕಂಡರೆ ಮೈ ಉರಿಯುತ್ತಿತ್ತು.

ನಾದಿನಿ ಗೌತಮಿ ಸೈಕಲ್ ರೇಸಿನವಳು. ಹೋದ ವರ್ಷ ರಾಷ್ಟ್ರಮಟ್ಟದಲ್ಲಿ ನಾಲ್ಕನೆಯವಳು. ನಸುಕಿನಲ್ಲೇ ಎದ್ದು ಕೊಲ್ಹಾರದ ಸೇತುವೆ ಮುಟ್ಟಿ ಬರುತ್ತಿದ್ದಳು, ಕೆಲವು ದಿನ ಎರಡು ಸಲ. ದೀಪಾವಳಿಯ ನಂತರ ದೇಶದ ತಂಡಕ್ಕೆ ಆಯ್ಕೆಯಿತ್ತು.

ಪಿತೃಪಕ್ಷದ ಶ್ರಾದ್ಧಕ್ಕೆಂದು ಕ್ಯಾಲೆಂಡರ್ ಹಿಂದಕ್ಕೆ ತಿರುವುತ್ತಿದ್ದ ಅತ್ತೆಯ ಕೈ ನಿಂತಿತು.

“ಗೌತಮಿ, ಯುಗಾದಿಯಿಂದ ಈಚೆ ನೀ ಒಮ್ಮೆನೂ ಹೊರಗ ಕೂತಿಲ್ಲಲ್ಲ? ಕ್ಯಾಂಪಿನ್ಯಾಗ ಆಗಿರಬೇಕಂತ ನಾ ಸುಮ್ಮನಿದ್ದೆ.”

“ಚಲೋನ ಆತಲ್ಲವ್ವಾ. ನಿನ್ನ ಮಡಿಗೂ ಅಡ್ಡಿಲ್ಲ, ನನ್ನ ಸೈಕಲ್ಲಿಗೂ ಅಡ್ಡಿಲ್ಲ. ಜೋರ್ ಪ್ರಾಕ್ಟೀಸ್ ಮಾಡೋರಿಗೆ ಹಿಂಗ ಆಗ್ತದಂತ.”

“ಯಾರಂದ್ರು?”

“ಹುಡುಗ್ಯಾರೆಲ್ಲಾ ಅಂತಾರ.”

“ಹೌದಾ? ಆ ಹುಡುಗ್ಯಾರು ಎಷ್ಟು ಹಡದಾರ?”

ಮುದ್ದೇಬಿಹಾಳದ ಸುವರ್ಣಾ ಡಾಕ್ಟರ ಬಳಿಗೆ ಮೂವರೂ ಹೋದೆವು. ರಕ್ತದ ವರದಿ ನೋಡಿ ಅವರು ಊಟದ ಬಗ್ಗೆ ಕೇಳಿದರು. ಅತ್ತೆ ಹೆಮ್ಮೆಯಿಂದಲೇ ಹೇಳಿದರು:

“ನನ್ನ ಕೂಡ ಹೋದ ವರ್ಷದಿಂದ ಏಕಾದಶಿ, ಈಗ ಚಾತುರ್ಮಾಸ್ಯನೂ ಹಿಡಿದಾಳ್ರಿ. ಮೊದಲನೇ ತಿಂಗಳು ಕಾಯಿಪಲ್ಯ ಬಿಟ್ಟಳು, ಆಮ್ಯಾಲೆ ಮೊಸರು, ಈಗ ಹಾಲು. ಏಕಾದಶಿಗೆ ನೀರೂ ಇಲ್ಲ.”

“ಏಕಾದಶಿ ದಿನ ಸೈಕಲ್ಲು?”

“ಅವತ್ತೂ ಹೊಡೀತೀನ್ರಿ,” ಎಂದಳು ಗೌತಮಿ. “ನೂರು ಕಿಲೋಮೀಟರ್.”

ಡಾಕ್ಟರು ಪೆನ್ನು ಕೆಳಗಿಟ್ಟರು. “ದುಡಿತಕ್ಕ ತಕ್ಕಷ್ಟು ಅನ್ನ ಸಿಗಲಿಲ್ಲಂದ್ರ ದೇಹ ಮೊದಲು ಮುಟ್ಟು ನಿಲ್ಲಸ್ತೈತಿ. ಒತ್ತಡದ ಹಾರ್ಮೋನ್ ಏರೇತಿ. ಇಪ್ಪತ್ತೊಂದರ ಹುಡುಗೀಗೆ ಮುಟ್ಟು ನಿಂತ, ಐವತ್ತು ದಾಟಿದವರಷ್ಟು ಕಡಿಮಿ ಈಸ್ಟ್ರೋಜನ್ ಐತಿ. ಹಿಂಗ ಬಿಟ್ರ ಎಲುಬು ಹೋಗ್ತಾವು.” ಸೈಕಲ್ ಬಿಟ್ಟು, ಹೊಟ್ಟೆ ತುಂಬ ಉಣ್ಣಬೇಕೆಂದರು. ಆಯ್ಕೆಯ ಆಸೆ ಬಿಡಬೇಕೆಂದೂ ಹೇಳಿದರು.

ಬಸ್ಸಿನಲ್ಲಿ ಅತ್ತೆ ಆಡಿದ್ದು ಇಷ್ಟೇ: “ವ್ರತ ನಂದು. ಮೈ ಆಕೀದು. ನಾ ಯಾಕ ಬ್ಯಾಡನ್ನಲಿಲ್ಲ?”

ಮೂರು ದಿನಕ್ಕೆ ಏಕಾದಶಿ. ನನ್ನ ಪುಟ್ಟ ಮಗಳ ಹಾಲು–ಅವಲಕ್ಕಿ ಬಿಟ್ಟರೆ ನಮ್ಮಲ್ಲಿ ಅಂದು ಏನೂ ಬೇಯುವುದಿಲ್ಲ. ಅಂಥದ್ದರಲ್ಲಿ ರೊಟ್ಟಿ ಬಡಿಯುವ ಸಪ್ಪಳ! ಮಾವ ಜಯತೀರ್ಥರಾಯರು ಜಪ ಬಿಟ್ಟು ಎದ್ದುಬಂದರು.

“ಏನಿದು, ಏಕಾದಶಿಗೆ?”

“ಪಾಪ ಬಂದ್ರ ನನಗ ಬರ್ತದ. ನೀವು ಜಪ ಮುಗಸ್ರಿ.”

ಹನಿ ನೀರು ಕುಡಿಯದ ಅತ್ತೆ ಮಗಳೆದುರು ಕುಳಿತು ರೊಟ್ಟಿ, ಪಲ್ಯ, ಬಟ್ಟಲು ತುಂಬ ಹಾಲು ಬಡಿಸಿದರು. ಗೌತಮಿ ಅಳುತ್ತಲೇ ಉಂಡಳು.

ಕೋಚ್ ಸಿದ್ದಾರೂಢ ಸರ್ ಮನೆಗೇ ಬಂದರು. “ಬಾಯಾರ, ಈ ಆಯ್ಕಿ ತಪ್ಪಿದ್ರ ಹುಡುಗಿ ಹಿಂದ ಬೀಳ್ತಾಳ್ರಿ.”

ಪರಗಂಡಸರಿಗೆ “ಬರ್ರಿ, ಕೂಡ್ರಿ” ಎಂಬುದರಾಚೆ ಮಾತಾಡದ ಅತ್ತೆ, “ಈ ವರ್ಷ ಆಕಿ ಬರೂದಿಲ್ಲ. ಉಳಿದ ಹುಡುಗ್ಯಾರಿಗೆ ತಿಂಗಳಾ ಮುಟ್ಟು ಬರ್ತದೇನು, ಕೇಳೀರೇನು?” ಎಂದರು.

ಸರ್ ನೆಲ ನೋಡಿದರು. “ಗಂಡಸು ನಾ, ಹೆಂಗ ಕೇಳ್ಲಿರಿ?”

“ನಾ ಕೇಳ್ತೀನಿ ಬಿಡ್ರಿ.”

ಮರುವಾರವೇ ಕೇಳಿಬಂದರು. ಐವರಲ್ಲಿ ಇಬ್ಬರಿಗೆ ನಿಂತಿತ್ತು. ಅವರೂ ಈಗ ಡಾಕ್ಟರಿಗೆ ತೋರಿಸುತ್ತಿದ್ದಾರೆ.

ಆಯ್ಕೆಗೆ ಬೇರೆ ಹುಡುಗಿ ಹೋದಳು. ಅಂದಿನಿಂದ ಹತ್ತೊಂಬತ್ತು ದಿನ ಗೌತಮಿ ತಾಯಿಯ ಜೊತೆ ಮಾತಾಡಲಿಲ್ಲ. ಎಲ್ಲ ನನ್ನ ಮಗಳ ಮೂಲಕ. “ನಿಮ್ಮ ಅಜ್ಜಿಗೆ ಹೇಳು, ಹಾಲು ಸಾಕಂತ.” ಅಜ್ಜಿಯೂ ಕಡಿಮೆಯಿಲ್ಲ: “ನಿಮ್ಮ ಅತ್ಯಾಗ ಹೇಳು, ಇನ್ನೊಂದು ಬಟ್ಟಲ ಅದ ಅಂತ.”

ಮೊನ್ನೆ ಫಾಲ್ಗುಣದ ಒಂದು ಬೆಳಿಗ್ಗೆ ಅತ್ತೆ ಮಡಿಯುಟ್ಟು ಅಡುಗೆಗೆ ಹೊರಟಿದ್ದರು. ಹಿತ್ತಲ ಬಾಗಿಲಲ್ಲಿ ನಿಂತ ಗೌತಮಿ, “ಅವ್ವಾ, ದೂರಿರು, ಮುಟ್ಟಬ್ಯಾಡ,” ಎಂದಳು. ಮುಖದಲ್ಲಿ ನಗು.

ಅತ್ತೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಕೈಯ ತಂಬಿಗೆ ಅಲ್ಲೇ ಇಟ್ಟು, ಹೋಗಿ ಮಗಳನ್ನು ತಬ್ಬಿಕೊಂಡೇಬಿಟ್ಟರು.

“ಅವ್ವಾ, ಮಡಿ!”

“ಇರ್ಲಿ ಬಿಡಽ. ಇನ್ನೊಂದು ಬಕೀಟ ನೀರು, ಅಷ್ಟಽ ಅಲ್ಲ?”

ನಾನು ಬಚ್ಚಲಿಗೆ ನೀರು ತೋಡಿದೆ. ನನ್ನ ಮಗಳು ಬೆಳೆಯುವ ಮನೆಯಲ್ಲಿ ಇಂಥ ಅಜ್ಜಿಯಿದ್ದಾರೆ ಎಂದು ತೋಡುತ್ತಲೇ ಕಣ್ಣು ತುಂಬಿತು. ಅಂದು ಊಟಕ್ಕೆ ಎರಡು ಗಂಟೆಯಾಯಿತು. ಮಾವನವರು ಯಾಕೆಂದು ಕೇಳಲಿಲ್ಲ.