ತಳ ಮುಟ್ಟಿದ ಗುರುತು

ಬಾತು ಟೀಚರ್ ಎಂದರೆ ಊರಿನ ಸಣ್ಣ ಮಗುವಿಗೂ ಗೊತ್ತು. ಬೇಸಿಗೆಯ ಬೆಳಗ್ಗೆ ಅವರು ಮೆಟ್ಟಿಲಿಳಿದು ಸರೋವರದ ಕಡೆ ಹೊರಟರೆ ಮಕ್ಕಳು ಕೊರಳಿಗೆ ಟವೆಲ್ ಸುತ್ತಿಕೊಂಡು ಸಾಲಾಗಿ ಹಿಂದೆ ಹೋಗುತ್ತಾರೆ. ಹೆಸರು ಬಂದದ್ದು ಹಾಗೆ. ಅವರ ನಡಿಗೆಯೂ ಬಾತುಕೋಳಿಯದೇ ಎನ್ನುವುದು ಅವರ ಗಂಡನ ಅಭಿಪ್ರಾಯ. ನಲ್ಲಿ ರಿಪೇರಿ ಮಾಡುವ ಆತ ಮಾತಿನಲ್ಲಿ ಸೋರುವುದನ್ನು ಮಾತ್ರ ನಿಲ್ಲಿಸಿಕೊಂಡಿಲ್ಲ.

ಸರೋವರ ಎರಡು ದೇಶಗಳದ್ದು. ನಡುವೆ ತೇಲುವ ಕೆಂಪು ಪ್ಲಾಸ್ಟಿಕ್ ಬುರುಡೆಗಳ ಸಾಲೇ ಗಡಿ. ಎರಡೂ ಸರ್ಕಾರಗಳು ಸೇರಿ ಇದನ್ನು ಸಂಯುಕ್ತ ವಿಹಾರ ವಲಯವೆಂದು ಸಾರಿ ಬಹಳ ವರ್ಷಗಳಾದವು. ಆ ದಡದ ದೋಣಿ ಈ ದಡಕ್ಕೆ ಬರಬಹುದು, ಈ ದಡದವರು ಆ ಕಡೆಯ ಬೆಟ್ಟ ಹತ್ತಬಹುದು, ತಡೆದು ಕೇಳುವವರಿಲ್ಲ. ಆದರೂ ಈ ದಡದವರಿಗೆ ಆ ದಡದವರ ಮೇಲೆ ಒಂದು ಕಣ್ಣು ಇದ್ದೇ ಇದೆ. ನೀರಿನ ಮೇಲೆ ಎಣ್ಣೆ ತೇಲಿದರೆ ಅದು ಅವರದು. ಮೀನು ಕಮ್ಮಿಯಾದರೆ ಹಿಡಿದವರು ಅವರು.

ಟೀಚರ್ ತಮ್ಮ ತಂದೆಯಿಂದ ಈಜು ಕಲಿಸುವ ಕೆಲಸದ ಜೊತೆಗೇ ಒಂದು ಕಡೆಯ ಪರೀಕ್ಷೆಯನ್ನೂ ಪಡೆದಿದ್ದರು. ದಡದ ಹಳೇ ಕಂಬದ ನೇರಕ್ಕೆ, ಎರಡಾಳು ಆಳದಲ್ಲಿ ಮುಳುಗಿ, ತಳದಿಂದ ಒಂದು ಕಲ್ಲು ತರಬೇಕು. ತಂದವರಿಗೆ ಈಜು ಬಂತು. ತರದವರು ಮತ್ತೆ ಅಭ್ಯಾಸಕ್ಕೆ. ಅಲ್ಲಿಯ ಕಲ್ಲುಗಳು ಚೆಂದ. ಮುಷ್ಟಿಗಾತ್ರದವು, ಒಂದು ಮುಖ ಅಂಗೈಯಷ್ಟು ನುಣುಪು, ಸ್ವಲ್ಪ ಅಲುಗಾಡಿಸಿದರೆ ಕೈಗೆ ಬರುತ್ತವೆ. ಊರಿನ ಮನೆಮನೆಯಲ್ಲೂ ಅಂಥದೊಂದಿದೆ. ಕ್ಷೌರದಂಗಡಿಯಲ್ಲಿ ಪತ್ರಿಕೆ ಹಾರದಂತೆ ಇಟ್ಟಿರುವುದು ಅದೇ, ಔಷಧಿ ಅಂಗಡಿಯ ಬಾಗಿಲಿಗೆ ಒತ್ತುಕೊಟ್ಟಿರುವುದೂ ಅದೇ. ಹುಡುಗನನ್ನು ನೋಡಲು ಬಂದವರು ಕಲ್ಲು ತಂದಿದ್ದಾನೆಯೇ ಎಂದು ಕೇಳುವುದು ತಮಾಷೆಗೆ, ಆದರೆ ಪೂರ್ತಿ ತಮಾಷೆಗಲ್ಲ.

ಆ ಬೇಸಿಗೆ ಸರದಿ ಟೀಚರ ಮೊಮ್ಮಗಳದ್ದಾಗಿತ್ತು. ತನ್ನ ಕಲ್ಲನ್ನು ಇಡಲು ಅವಳು ಕಿಟಕಿಯ ಕಟ್ಟೆಯಲ್ಲಿ ಜಾಗ ಮಾಡಿಕೊಂಡು ಕಾಯುತ್ತಿದ್ದಳು.

ಅಷ್ಟರಲ್ಲಿ ಸರೋವರವನ್ನು ವಿಶ್ವ ಪರಂಪರೆಯ ತಾಣವಾಗಿ ಗುರುತಿಸಬೇಕೆಂದು ಎರಡು ದೇಶಗಳೂ ಒಟ್ಟಾಗಿ ಹೊರಟವು. ಜಂಟಿ ಸಮಿತಿಯೊಂದು ಬಂತು, ತಳವನ್ನು ಪರೀಕ್ಷಿಸಲು ಮುಳುಗುಗಾರರು ಬಂದರು. ಅವರ ಮುಖ್ಯಸ್ಥೆ ಮಿತಭಾಷಿ ಹೆಂಗಸು. ದೋಣಿಮನೆಯಲ್ಲಿ ಕರೆದ ಸಭೆಯಲ್ಲಿ ಆಕೆ ಗೋಡೆಗೆ ಬಟ್ಟೆ ಕಟ್ಟಿ ಚಿತ್ರಗಳನ್ನು ತೋರಿಸಿದರು. ಸರೋವರ ಹುಟ್ಟುವ ಮೊದಲು ಅಲ್ಲೊಂದು ಕಣಿವೆಯಿತ್ತು. ಎರಡೂ ಮಗ್ಗುಲಿನ ಊರುಗಳನ್ನು ಕೂಡಿಸುವ, ಕಲ್ಲು ಹಾಸಿದ ರಸ್ತೆಯಿತ್ತು. ಗುಡ್ಡ ಕುಸಿದು ಹೊಳೆ ಕಟ್ಟಿಕೊಂಡಾಗ ರಸ್ತೆ ಮುಳುಗಿತು. ನೀರಿನಡಿ ಅದು ಈ ದಡದಿಂದ ಆ ದಡದವರೆಗೂ ಇನ್ನೂ ಇದೆ. ಈ ದಡದ ಹತ್ತಿರ ಮಾತ್ರ ಹಲ್ಲು ಕಿತ್ತ ವಸಡಿನಂತೆ ಗುಳಿ ಗುಳಿ. ಅದನ್ನು ಹಾಳು ಮಾಡುತ್ತಿರುವುದನ್ನು ಪತ್ತೆಹಚ್ಚಿ ನಿಲ್ಲಿಸಬೇಕು, ದೋಣಿಯಾದರೆ ದೋಣಿ, ಈಜಾದರೆ ಈಜು, ಮುಂದಿನ ಸಭೆಯಲ್ಲಿ ತೀರ್ಮಾನ ಎಂದರು ಸಮಿತಿಯವರು.

ಆ ದಡದವರ ದೋಣಿಗಳು ಇಲ್ಲೇ ಲಂಗರು ಹಾಕುತ್ತವೆ, ಲಂಗರು ಎಳೆದೇ ರಸ್ತೆ ಕಿತ್ತಿದೆ ಎಂದು ಈ ದಡದವರು ಎದ್ದರು. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಬಾತು ಟೀಚರ್. ಆ ದಡದ ಮುದುಕ ಅಂಬಿಗ ಕುಳಿತಲ್ಲಿಂದಲೇ ಕೇಳಿಸಿಕೊಂಡು, ನಿಧಾನವಾಗಿ ಹೇಳಿದ:

“ಲಂಗರು ಎಳೆದ್ರೆ ಗೀರು ಬೀಳತ್ತೆ, ತಾಯಿ. ಒಂದೊಂದೇ ಆರಿಸಿ ಎತ್ತಿಡೋ ಬುದ್ಧಿ ಅದಕ್ಕೆಲ್ಲಿಂದ ಬರಬೇಕು?”

ಸಭೆ ನಕ್ಕಿತು. ಟೀಚರೂ ನಕ್ಕರು, ಅರ್ಧ.

ಮನೆಗೆ ಬಂದಾಗ ಗಾಳಿಗೆ ಬಾಗಿಲು ಬಡಿಯುತ್ತಿತ್ತು. ಕಾಲಿನಿಂದಲೇ ಕಲ್ಲನ್ನು ಬಾಗಿಲಿಗೆ ತಳ್ಳುವುದು ಅವರ ರೂಢಿ. ಆ ದಿನ ತಳ್ಳಿದವರು ಹಾಗೇ ನಿಂತರು. ತಾವು ಚಿಕ್ಕವರಿದ್ದಾಗ ತಂದ ಕಲ್ಲು ಅದು. ಎತ್ತಿ ತಿರುಗಿಸಿ ನೋಡಿದರು. ಬಟ್ಟೆಯ ಮೇಲೆ ಕಂಡ ಕಲ್ಲುಗಳಿಗೂ ಅದೇ ಮುಖವಿತ್ತು. ನೀರು ಸವೆಸಿದ್ದರೆ ಎಲ್ಲ ಕಡೆಯೂ ಸವೆಯಬೇಕಿತ್ತು. ಇದು ಒಂದೇ ಮಗ್ಗುಲು ಸವೆದಿತ್ತು, ಕಾಲಿನಿಂದ, ಚಕ್ರದಿಂದ.

ಅವರು ಹೇಳಿದ್ದನ್ನು ಕೇಳಿ ಗಂಡ ಕಲ್ಲನ್ನು ಕೈಯಲ್ಲಿ ತೂಗಿ ನೋಡಿದ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತಲ್ಲೇ ನಿನ್ನ ಕಥೆ,” ಎಂದ. “ಊರಿಗೂರೇ ತಂದಿದೆ. ನೀನೊಬ್ಬಳೇ ಯಾಕೆ ತಲೆ ಕೊಡ್ತೀಯಾ? ಸುಮ್ನಿದ್ದುಬಿಡು.”

“ನಾನು ಸುಮ್ನಿದ್ರೆ ಆ ಮುದುಕನ ದೋಣಿ ನೀರು ಬಿಟ್ಟು ದಡ ಹತ್ತತ್ತೆ.”

“ಹೇಳಿದ್ರೆ ನೀನು ದಡ ಹತ್ತೀಯಾ. ನಿನ್ನ ಮಕ್ಕಳ ಸಾಲೂ ಹತ್ತತ್ತೆ.”

ಅದು ಸುಳ್ಳಲ್ಲವೆಂದು ಅವರಿಗೂ ಗೊತ್ತಿತ್ತು. ನೀರಿಗಿಳಿಯದ ಬೇಸಿಗೆಯನ್ನು ಅವರು ಕಂಡಿದ್ದೇ ಇಲ್ಲ, ಮಗಳನ್ನು ಹೆತ್ತ ವರ್ಷವೂ ಮೊಣಕಾಲವರೆಗೆ ಇಳಿದವರು.

ಮುಂದಿನ ಸಭೆಗೆ ಅವರು ಈಜಿನ ಚೀಲವನ್ನೇ ಹಿಡಿದು ಹೋದರು. ಒಳಗಿದ್ದ ಕಲ್ಲನ್ನು ತೆಗೆದು ಮೇಜಿನ ಮೇಲಿಟ್ಟು, ಪರೀಕ್ಷೆಯ ವಿಷಯವನ್ನು ಮೊದಲಿನಿಂದ ಹೇಳಿದರು. ಮುಳುಗುಗಾರ ಹೆಂಗಸು ಅದರ ನುಣುಪು ಮುಖದ ಮೇಲೆ ಹೆಬ್ಬೆರಳಾಡಿಸಿದರು. ಇಂಥವು ಎಷ್ಟಿವೆ ಎಂದು ಕೇಳಿದರು.

“ಈ ಊರಲ್ಲಿ ಈಜು ಬರೋರು ಎಷ್ಟು ಜನಾನೋ ಅಷ್ಟು,” ಎಂದರು ಟೀಚರ್. ಆಮೇಲೆ ಅಂಬಿಗನತ್ತ ತಿರುಗಿ, ತಾನು ಅಂದದ್ದು ತಪ್ಪಾಯಿತು, ಮರೆತುಬಿಡಿ ಎಂದರು. ಮುದುಕ, ತನ್ನ ಮಗನಿಗೂ ಈಜು ಕಲಿಸಿದ್ದು ಟೀಚರ ಅಪ್ಪನೇ, ಕಲ್ಲು ತನ್ನ ಮನೆಯಲ್ಲೂ ಒಂದಿದೆ ಎಂದ.

ಈಜುದಡ ಆ ಬೇಸಿಗೆ ಮುಚ್ಚಿತು. ಊರು ಮುನಿಸಿಕೊಂಡಿತು. ಕ್ಷೌರಿಕ ಟೀಚರ ಗಂಡನ ತಲೆಗೆ ಕೈ ಹಾಕಿದರೂ ಬಾಯಿ ತೆರೆಯಲಿಲ್ಲ. ಅಂಥ ಶಾಂತಿ ಆ ಕುರ್ಚಿಯಲ್ಲಿ ಹಿಂದೆಂದೂ ಸಿಕ್ಕಿರಲಿಲ್ಲ ಎಂದು ಗಂಡ ಮನೆಗೆ ಬಂದು ವರದಿ ಮಾಡಿದ. ಆದರೆ ಬರಬರುತ್ತಾ ದೋಣಿಮನೆಯ ಬಾಗಿಲಲ್ಲಿ ಕಲ್ಲುಗಳು ಕಾಣಿಸಿಕೊಂಡವು, ಮೊದಲು ಒಂದೆರಡು, ಆಮೇಲೆ ರಾಶಿ. ಕೆಲವಕ್ಕೆ ಬಣ್ಣ ಬಳಿದಿತ್ತು, ಒಂದರ ಮೇಲೆ ಮಗುವಿನ ಕೈಬರಹದ ಹೆಸರಿತ್ತು. ಎಲ್ಲವನ್ನೂ ಮತ್ತೆ ಜೋಡಿಸಿಬಿಡಿ ಎಂದು ಟೀಚರ್ ಕೇಳಿಕೊಂಡಾಗ ಮುಳುಗುಗಾರ ಹೆಂಗಸು ಆಗದೆಂದು ತಲೆಯಾಡಿಸಿದರು. ಯಾವ ಕಲ್ಲು ಯಾವ ಗುಳಿಯದೆಂದು ಯಾರಿಗೂ ಗೊತ್ತಿಲ್ಲ. ಊಹಿಸಿ ಇಟ್ಟರೆ ಅದು ಹಳೆಯ ರಸ್ತೆಯಲ್ಲ, ನಮ್ಮ ರಸ್ತೆ ಎಂದರು. ಕಲ್ಲುಗಳು ಈಗ ದೋಣಿಮನೆಯ ಕಪಾಟಿನಲ್ಲಿವೆ. ಎರಡೂ ದಡದವರು ಬಂದು ತಮ್ಮದನ್ನು ಹುಡುಕುತ್ತಾರೆ, ಎತ್ತಿ ನೋಡಿ ಮತ್ತೆ ಇಡುತ್ತಾರೆ.

ಮರುವರ್ಷ ಈಜುದಡ ತೆರೆಯಿತು. ಗಟ್ಟಿ ಉಳಿದಿರುವ ರಸ್ತೆಯ ಸುತ್ತ ಹಗ್ಗ ಕಟ್ಟಿದ್ದಾರೆ. ಈಜುವವರಿಗೆ ಬಿಟ್ಟಿರುವುದು ಗುಳಿಗಳಿರುವ ಜಾಗ ಮಾತ್ರ, ಅಲ್ಲಿಂದಲೂ ಏನನ್ನೂ ಎತ್ತುವಂತಿಲ್ಲ.

ಮೊಮ್ಮಗಳು ನೀರಿನಂಚಿನಲ್ಲಿ ಮುಖ ಊದಿಸಿಕೊಂಡು ನಿಂತಿದ್ದಳು. ಅಮ್ಮನ ಕಲ್ಲೂ ಕಪಾಟಿನಲ್ಲಿದೆ, ಅಜ್ಜಿಯದೂ ಇದೆ, ತನ್ನದು ಮಾತ್ರ ಎಲ್ಲೂ ಇಲ್ಲ ಎನ್ನುವುದು ಅವಳ ದೂರು.

“ನಾನು ತಳ ಮುಟ್ಟಿದೆ ಅಂದ್ರೆ ಯಾರಜ್ಜಿ ನಂಬ್ತಾರೆ?”

“ಮೊದ್ಲು ಮುಟ್ಟು. ನಂಬೋದು ಆಮೇಲಿನ ಮಾತು.”

ಹುಡುಗಿ ಮುಳುಗಿದಳು. ನೀರು ಕೂಡಿಕೊಂಡಿತು. ಟೀಚರ್ ಮೊಣಕಾಲುದ್ದ ನೀರಿನಲ್ಲಿ ನಿಂತು, ಗುಳ್ಳೆಗಳು ಏಳುವ ಕಡೆಯೇ ನೋಡುತ್ತಿದ್ದರು. ಮೇಲೆ ಬಂದವಳು ಕೆಮ್ಮಿ, ಕೂದಲು ಸರಿಸಿ, ಎರಡೂ ಕೈ ಬಿಚ್ಚಿ ತೋರಿಸಿದಳು. ಕೈ ಬರಿದಾಗಿತ್ತು. ಉಗುರಿನ ಸಂದಿಯಲ್ಲಿ ಮಾತ್ರ ನೀಲಿ ಬಣ್ಣದ ಜೇಡಿಮಣ್ಣು ಇತ್ತು. ಕಲ್ಲು ಕಿತ್ತ ಗುಳಿಗಳ ಒಳಗೆ ಬಿಟ್ಟರೆ ಅದು ಮತ್ತೆಲ್ಲೂ ಸಿಗುವುದಿಲ್ಲ.

ಟೀಚರ್ ಒಂದೊಂದೇ ಬೆರಳು ಹಿಡಿದು ನೋಡಿದರು.

“ಕೈ ತೊಳ್ಕೋಬೇಡ,” ಎಂದರು. “ತಾತಂಗೆ ತೋರಿಸು.”

ಮನೆಯ ದಾರಿಯುದ್ದಕ್ಕೂ ಹುಡುಗಿ ಟವೆಲನ್ನೂ ಮುಟ್ಟಲಿಲ್ಲ. ಎರಡೂ ಕೈಗಳನ್ನು ಮೈಯಿಂದ ದೂರ ಚಾಚಿಕೊಂಡು, ಬಾತುಕೋಳಿಯಂತೆ ಅಜ್ಜಿಯ ಹಿಂದೆ ಹಿಂದೆಯೇ ನಡೆದಳು.