ಎರಡು ದ್ವೀಪಗಳ ಹಾಳೆ

ನಮ್ಮ ಮೈಸೂರಿನ ಮನೆಯಲ್ಲಿ ಬದನೆಕಾಯಿಗೂ ಊರು ಕೇಳುತ್ತಿದ್ದರು. ಬದನೆ ಈರನಗೆರೆಯದೇ ಆಗಬೇಕು, ರಸಬಾಳೆ ನಂಜನಗೂಡಿನದೇ ಆಗಬೇಕು. ಕೆಲಸ ಕೇಳಿಕೊಂಡು ಯಾರಾದರೂ ಬಂದರೆ ನಮ್ಮಮ್ಮ ಮೊದಲು ಕೇಳುತ್ತಿದ್ದುದು ಹೆಸರಲ್ಲ, ‘ಯಾವ ಕಡೆಯವಳಮ್ಮ ನೀನು?’ ಎಂದು. ಊರು ಗೊತ್ತಾದರೆ ಗುಣ ಗೊತ್ತಾದ ಹಾಗೆ. ನಾನು ಇದನ್ನೆಲ್ಲ ಆಡಿಕೊಂಡು ನಗುತ್ತಿದ್ದವಳು. ಓದಿದವಳಲ್ಲವೇ!

ಎಂಬತ್ತರ ದಶಕದ ನಡುವಿನಲ್ಲಿ ಅಮೆರಿಕದ ಸ್ಯಾನ್ ಹೊಸೆಯಲ್ಲಿ ನನಗೆ ಕೆಲಸ ಸಿಕ್ಕಾಗ ಮಗಳಿಗೆ ಎಂಟು ತಿಂಗಳು. ಅಷ್ಟು ಎಳೆಯ ಕೂಸನ್ನು ಡೇಕೇರಿಗೆ ಬಿಡಲು ಮನಸ್ಸಾಗದೆ, ಊರಿನ ಇನ್ನೊಂದು ಮೂಲೆಯಿಂದ ದಿನವೂ ನಮ್ಮ ಮನೆಗೇ ಬಂದು ಹೋಗುವ ಹೆಂಗಸೊಬ್ಬಳನ್ನು ಗೊತ್ತುಮಾಡಿಕೊಂಡೆವು. ಕೆರಿಬಿಯನ್ ಕಡಲಿನ ಹೈಟಿ ದ್ವೀಪದವಳು, ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು, ಮಾತು ಕಮ್ಮಿ. ಎರಡೇ ವಾರದಲ್ಲಿ ಮಗಳು ನನ್ನ ಸೊಂಟದಿಂದ ಅವಳ ಸೊಂಟಕ್ಕೆ ಹಾರತೊಡಗಿದಳು. ಅವಳಿಗಿದ್ದ ಒಂದೇ ಹುಚ್ಚೆಂದರೆ ನೀರು. ನಲ್ಲಿಯ ನೀರನ್ನು ಕುದಿಸಿ, ಆರಿಸಿ, ಮತ್ತೆ ಕುದಿಸಿ ಬಾಟಲಿಗೆ ತುಂಬುವಳು. ಇಲ್ಲಿನ ನೀರು ಚೆನ್ನಾಗಿದೆ, ಇಷ್ಟೆಲ್ಲ ಬೇಡ ಎಂದರೆ ತಲೆಯಾಡಿಸಿ, ಮರುದಿನ ಮತ್ತೆ ಅದೇ ಕೆಲಸ. ನನಗೆ ರೇಗುತ್ತಿತ್ತು.

ಆರು ತಿಂಗಳು ಹೀಗೇ ನಡೆಯಿತು. ಯುಗಾದಿಗೆ ಕನ್ನಡದವರೆಲ್ಲ ಒಂದೊಂದು ಅಡುಗೆ ತಂದು ಒಟ್ಟಿಗೆ ಉಣ್ಣುವ ಪಾಟ್‌ಲಕ್ಕಿನಲ್ಲಿ ಹಾಸನ ಕಡೆಯ ಡಾಕ್ಟರಮ್ಮ ಒಬ್ಬರು ಪಕ್ಕದಲ್ಲಿ ಕೂತರು. ಮಾರ್ಗನ್ ಹಿಲ್ಲಿಗೆ ಮನೆ ಬದಲಾಯಿಸುವುದರಲ್ಲಿದ್ದರು.

‘ನಮ್ಮ ಬೇಬಿಸಿಟ್ಟರ್ರು ಅಷ್ಟು ದೂರ ಬರಲ್ಲ ಅಂತಾಳೆ ಕಣ್ರೀ, ನೀವು ಇಟ್ಕೊಳ್ಳಿ. ಬಾರ್ಬಡೋಸ್ ದ್ವೀಪದವಳು, ತುಂಬಾ ನೀಟು. ನಿಮ್ಮವಳು ಎಲ್ಲಿಯವಳು?’

ಹೇಳಿದೆ.

‘ಹೈಟಿನಾ? ಅಯ್ಯೋ! ಅವಳ ಕೈಗಾ ಮಗು ಕೊಟ್ಟಿರೋದು?’

ಆ ಒಂದು ‘ಅಯ್ಯೋ’ ನನ್ನ ತಲೆಗೆ ಹುಳ ಬಿಟ್ಟಿತು. ಅಮ್ಮನಾಗಿದ್ದರೆ ಅಷ್ಟಕ್ಕೇ ತೀರ್ಮಾನ ಮಾಡಿಬಿಡುತ್ತಿದ್ದಳು. ನಾನು ಓದಿದವಳು, ಲೈಬ್ರರಿಗೆ ಹೋದೆ. ಶನಿವಾರವಿಡೀ ದಪ್ಪ ದಪ್ಪ ಪುಸ್ತಕ ಹರಡಿಕೊಂಡು, ಒಂದು ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ ಬಾರ್ಬಡೋಸ್, ಬಲಕ್ಕೆ ಹೈಟಿ. ಶಾಲೆ, ಆಸ್ಪತ್ರೆ, ಕುಡಿಯುವ ನೀರು, ಜನರ ಆಯಸ್ಸು, ಕೊನೆಗೆ ವರ್ಷ ತುಂಬುವ ಮೊದಲೇ ತೀರಿಕೊಳ್ಳುವ ಮಕ್ಕಳು. ಎಲ್ಲವನ್ನೂ ನೀಟಾಗಿ ಇಂಗ್ಲಿಷಿನಲ್ಲಿ ಬರೆದೆ. ಎಲ್ಲದರಲ್ಲೂ ಎಡಗಡೆಯೇ ಗೆದ್ದಿತು.

ಗಂಡ ಹಾಳೆ ನೋಡಿ ನಕ್ಕರು. ‘ಏನೇ ಇದು, ದೇಶಗಳ ಜಾತಕ ನೋಡ್ತಿದೀಯಾ? ಮಗು ನೋಡ್ಕೊಳ್ಳೋದು ಅವಳೋ, ಅವಳ ದೇಶಾನೋ?’

‘ನಿಮಗೆ ಗೊತ್ತಾಗಲ್ಲ, ಸುಮ್ನಿರಿ’ ಎಂದೆ.

ಸೋಮವಾರವೇ ಬಾರ್ಬಡೋಸಿನವಳಿಗೆ ಫೋನು ಮಾಡಿ ಗೊತ್ತುಮಾಡಿಕೊಂಡೆ. ಹೈಟಿಯವಳಿಗೆ ಮಾತ್ರ, ಮಗುವನ್ನು ಡೇಕೇರಿಗೆ ಸೇರಿಸುತ್ತಿದ್ದೇವೆ, ಶುಕ್ರವಾರವೇ ಕೊನೆ ಎಂದು ಸುಳ್ಳು ಹೇಳಿದೆ. ಸರಿ ಎಂದಳು.

ಶುಕ್ರವಾರ ಬೆಳಿಗ್ಗೆ ಮಗಳಿಗೆ ಕೆಮ್ಮು. ಆಫೀಸಿಗೆ ಓಡುವ ಅವಸರದಲ್ಲಿ ಯಾವ ಯಾವ ಹೊತ್ತಿಗೆ ಔಷಧಿ ಎಂದು ಕೈಗೆ ಸಿಕ್ಕ ಹಾಳೆಯ ಮೇಲೆ ಬರೆದು ಫ್ರಿಜ್ಜಿಗೆ ಅಂಟಿಸಿ ಹೋದೆ. ಅದು ಆ ಎರಡು ದ್ವೀಪಗಳ ಪಟ್ಟಿಯ ಹಿಂಬದಿ ಎಂಬುದನ್ನು ನೋಡಲೇ ಇಲ್ಲ.

ಸಂಜೆ ಬಂದಾಗ ಹಾಳೆ ಊಟದ ಮೇಜಿನ ಮೇಲಿತ್ತು, ಪಟ್ಟಿಯ ಮಗ್ಗುಲು ಮೇಲಾಗಿ. ಅವಳು ಸಿಟ್ಟಾಗಿರಲಿಲ್ಲ. ಆಗಿದ್ದರೆ ನನಗೆ ಸುಲಭವಾಗುತ್ತಿತ್ತು. ಮಗಳನ್ನು ಸೊಂಟದಿಂದ ಇಳಿಸದೆ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ತಡೆದು ತಡೆದು ಆಡುವ ಇಂಗ್ಲಿಷಿನಲ್ಲಿ ಹೇಳಿದಳು:

‘ನೀವು ಬರೆದಿದ್ದೆಲ್ಲ ನಿಜ, ಮೇಡಂ. ಈ ಸಾಲಿನಲ್ಲಿ ನನ್ನ ಮಗಳೂ ಇದ್ದಾಳೆ. ಹತ್ತು ತಿಂಗಳಾಗಿತ್ತು. ಕೆಟ್ಟ ನೀರು, ಭೇದಿ.’

ಅವಳ ಸತ್ತ ಕೂಸನ್ನೇ ಅವಳ ಕುಂದೆಂದು ಬರೆದುಕೊಂಡಿದ್ದೆ. ನನ್ನ ಮಗಳು ತನ್ನ ಹತ್ತನೆಯ ತಿಂಗಳನ್ನು ಅವಳ ಸೊಂಟದ ಮೇಲೆಯೇ ದಾಟಿದ್ದಳು. ಹೋಗಬೇಡಿ ಎನ್ನಬಹುದಿತ್ತು, ಕಾಲ ಮಿಂಚಿರಲಿಲ್ಲ. ಇನ್ನೊಬ್ಬಳಿಗೆ ಮಾತು ಕೊಟ್ಟಾಗಿದೆ ಎಂಬುದು ಬರೀ ನೆಪ. ದಿನವೂ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ, ಅಷ್ಟೇ. ‘ಸಾರಿ’ ಎಂದೆ, ಬಸ್ಸಿನಲ್ಲಿ ಯಾರದೋ ಕಾಲು ತುಳಿದವಳ ಹಾಗೆ. ಇಷ್ಟು ವರ್ಷಗಳಾದರೂ ಆ ಮಾತು ನೆನಪಾದರೆ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ.

ಅವಳು ಮಗಳ ನೆತ್ತಿ ಸವರಿ, ನನ್ನ ತೋಳಿಗೆ ದಾಟಿಸಿ ಹೊರಟುಹೋದಳು. ಮಗಳು ಬಾಗಿಲ ಕಡೆ ಕೈಚಾಚಿ ಅತ್ತಳು. ಸಮಾಧಾನ ಮಾಡಲು ಬಾಟಲಿ ತುಂಬೋಣವೆಂದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಮುಚ್ಚಿಟ್ಟ ಪಾತ್ರೆಯಿತ್ತು, ಮುಟ್ಟಿದರೆ ಇನ್ನೂ ಬಿಸಿ. ಹಾಳೆ ಓದಿದ ಮೇಲೆಯೂ ನೀರು ಕುದಿಸಿಟ್ಟಿದ್ದಳು. ಅದನ್ನೇ ಆರಿಸಿ ಮಗಳಿಗೆ ಕುಡಿಸಿದೆ.