ಡಾಕ್ಟರರ ಬೆರಳೂ ನನ್ನ ದವಡೆಹಲ್ಲೂ

ಈವರೆಗೆ ನಾನು ಒಬ್ಬರನ್ನಷ್ಟೇ ಕಚ್ಚಿದ್ದೇನೆ. ಅವರು ಹುಬ್ಬಳ್ಳಿಯ ಹಲ್ಲಿನ ಡಾಕ್ಟರರು. ಕಾನ್ವೆಂಟಿನಲ್ಲಿ ಏಳು ವರ್ಷ ನನಗೆ ನಡತೆ ಕಲಿಸಿದ ಸಿಸ್ಟರುಗಳಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ. ದಯವಿಟ್ಟು ನೀವೂ ಮುಟ್ಟಿಸಬೇಡಿ.

ತಪ್ಪು ನನ್ನ ಬಲದವಡೆಯ ಒಂದು ಹಲ್ಲಿನದು. ಆರು ತಿಂಗಳು ಅದಕ್ಕೆ ಲವಂಗ ಇಟ್ಟೆ, ಇಂಗು ಇಟ್ಟೆ, ಬೆಲ್ಲದಿಂದ ದೂರ ಇಟ್ಟೆ. ಬಗ್ಗಲಿಲ್ಲ. ಹೊರಗೆ ಬಾವು ತೋರಿಸದೆ ಒಳಗೊಳಗೇ ಕೊರೆಯುವ ಮರ್ಯಾದಸ್ಥ ನೋವು. ಅಷ್ಟು ದಿನವೂ ಜೋಳದ ರೊಟ್ಟಿಯ ಭಾರವನ್ನೆಲ್ಲ ಹೊತ್ತದ್ದು ಎಡದವಡೆ. ಅದೂ ಕೈಕೊಟ್ಟರೆ ನನಗೆ ಗಂಜಿಯೇ ಗತಿ.

ಹೊರಡುವಾಗ ಅತ್ತೆ ಬಾಗಿಲಿಗೆ ಬಂದು ಬುದ್ಧಿ ಹೇಳಿದರು: “ಗಂಡಸರ ಮುಂದ ಬಾಯಿ ಬಿಡಬ್ಯಾಡ ನೋಡವಾ.” ಹೋಗುತ್ತಿದ್ದದ್ದು ಅದಕ್ಕೇ ಎಂದು ನಾನು ನೆನಪಿಸಲಿಲ್ಲ.

ನಮ್ಮಲ್ಲೊಂದು ಪದ್ಧತಿ ನಿಮಗೂ ಗೊತ್ತು. ಡಾಕ್ಟರರ ಮುಂದೆ ಹೆಂಗಸಿನ ನೋವನ್ನು ಗಂಡನೇ ಹೇಳಬೇಕು. ನನ್ನ ಗೆಳತಿಯ ಹೆರಿಗೆನೋವನ್ನು ಅವಳ ಯಜಮಾನರು ಎಷ್ಟು ಮನಮುಟ್ಟುವಂತೆ ವರ್ಣಿಸಿದರೆಂದರೆ, ನರ್ಸಮ್ಮ ಅವರಿಗೇ ಕುರ್ಚಿ ಕೊಟ್ಟು ಕೂಡಿಸಿದಳಂತೆ. ನಮ್ಮವರಂತೂ ಕಚೇರಿಯಲ್ಲಿ ಹೆಡ್ ಕ್ಲಾರ್ಕು. ಯಾರನ್ನೇ ಕೇಳಿದರೂ ಉತ್ತರ ಕೊಡುವುದು ತಮ್ಮ ಕೆಲಸವೆಂದೇ ನಂಬಿದವರು.

“ಎಲ್ಲಿ ನೋಯಾಕತ್ತೈತ್ರಿ?” ಡಾಕ್ಟರರು ನನ್ನ ಬಾಯಿ ನೋಡುತ್ತ ನಮ್ಮವರನ್ನು ಕೇಳಿದರು.

“ಇಲ್ಲಿ ನೋಡ್ರಿ” ಎಂದು ನಮ್ಮವರು ತಮ್ಮ ಎಡಗೆನ್ನೆಯನ್ನು ಮುಟ್ಟಿ ತೋರಿಸಿದರು. ಎದುರು ನಿಂತು ಬಡಿಸುವಾಗ ನಾನು ಕೆನ್ನೆ ಹಿಡಿದುಕೊಳ್ಳುವುದನ್ನು ದಿನಾ ನೋಡಿದ್ದರಲ್ಲ, ಕನ್ನಡಿಯಲ್ಲಿ ಕಂಡಂತೆ ನನ್ನ ಬಲ ಅವರಿಗೆ ಎಡವಾಗಿತ್ತು. ಡಾಕ್ಟರರು ನನ್ನ ಎಡದವಡೆಯಲ್ಲಿ ಇಣುಕಿ, “ಹೌದ್ರಿ, ಕರೀ ಚುಕ್ಕಿ ಐತಿ” ಎಂದರು. ಅದು ಎಲೆಯಡಿಕೆಯ ಕಲೆ.

ಮುಂಬಯಿಯಲ್ಲಿ ಕಲಿತುಬಂದವರು, ಇಕ್ಕಳ ಕೈಗೆ ಬಂದೊಡನೆ ಅವರಿಗೆ ಉಪನ್ಯಾಸದ ಹುಮ್ಮಸ್ಸು ಬಂತು. “ಹಲ್ಲು ಕೀಳೂದಂದ್ರ ಜಗ್ಗೂದಲ್ರಿ ರಾಯರ. ಯರೀ ಹೊಲದಾಗ ಗೂಟ ಹೆಂಗ ಕೀಳ್ತಾರ? ಮೊದಲ ಬುಡದ ಮಣ್ಣು ಬಿಡಸ್ತಾರ. ಆಮ್ಯಾಲೆ ಕೆಳಗ ಒತ್ತಿ ಹಿಡದು ಅತ್ಲಾಗ ಇತ್ಲಾಗ ಸಾವಕಾಶ ಅಲ್ಲಾಡಸ್ತಾರ. ಕುಣಿ ಅಗಲ ಆತಂದ್ರ ಗೂಟ ತಾನ ಬರತೈತಿ. ಜಗ್ಗಿದ್ರ ನಡುವ ಮುರೀತೈತಿ.”

“ಭಾಳ ಛಲೋ ಹೇಳಿದ್ರಿ” ಎಂದರು ನಮ್ಮವರು. ಗೂಟ ಯಾರ ಬಾಯಲ್ಲಿದೆ ಎಂಬುದನ್ನು ಇಬ್ಬರೂ ಮರೆತಿದ್ದರು.

ನಾನು ಹೇಳಬಹುದಿತ್ತು. ಆದರೆ ದೊಡ್ಡವರಿಬ್ಬರು ಮಾತಾಡುವಾಗ ನಡುವೆ ಮಾತಾಡಬಾರದೆಂದು ಅತ್ತೆ ಕನ್ನಡದಲ್ಲೂ ಸಿಸ್ಟರುಗಳು ಇಂಗ್ಲಿಷಿನಲ್ಲೂ ಕಲಿಸಿದ್ದರು. ಎರಡು ಭಾಷೆಗಳಲ್ಲಿ ಕಲಿತದ್ದನ್ನು ಬಿಡುವುದು ಕಷ್ಟ. ಧೈರ್ಯ ಬರುವ ಹೊತ್ತಿಗೆ ಬಾಯಿಯೊಳಗೆ ಪುಟ್ಟ ಕನ್ನಡಿ ಬಂದಿತ್ತು. “ಆ… ಆ…” ಎಂದಷ್ಟೇ ಹೊರಟಿತು.

“ಅಂಜಬ್ಯಾಡ್ರಿ ಅಕ್ಕಾರ” ಎಂದರು ಡಾಕ್ಟರರು.

“ಆಕಿ ಮೊದಲಿಂದ ಪುಕ್ಕಲಿ ಅದಾಳ್ರಿ. ನೀವು ನಡಸ್ರಿ” ಎಂದರು ನಮ್ಮವರು.

ಸೂಜಿ ಹತ್ತಿರ ಬಂತು. ನನ್ನ ಒಳ್ಳೆಯ ದವಡೆಹಲ್ಲಿನ ಮೇಲೆ ಡಾಕ್ಟರರ ತೋರುಬೆರಳು ಕೂತಿತ್ತು. ಕಚ್ಚಿದೆ. ಸಭ್ಯವಾಗಿಯೇ, ಬಟಾಟಿ ಬೆಂದಿದೆಯೋ ಇಲ್ಲವೋ ನೋಡುವಷ್ಟು.

“ಯಪ್ಪಾ!” ಮುಂಬಯಿಯ ವಿದ್ಯೆಯನ್ನೆಲ್ಲ ಬದಿಗಿಟ್ಟು ಅವರು ಅಪ್ಪಟ ಹುಬ್ಬಳ್ಳಿಯವರಾಗಿ ಕೂಗಿದರು. ಬೆರಳು ಝಾಡಿಸುತ್ತ, “ಇವು ಗಟ್ಟಿ ಅದಾವಲ್ರಿ!” ಎಂದರು. ಆಮೇಲೆ, ಮೊದಲ ಸಲ, ನನ್ನ ಮುಖ ನೋಡಿದರು. “ಎಲ್ಲಿ ನೋವ್ರಿ? ನೀವ ಹೇಳ್ರಿ.”

ಬಲಗೆನ್ನೆ ತೋರಿಸಿದೆ. ಸಣ್ಣ ಸಲಾಕೆಯಿಂದ ಅಲ್ಲಿ ಮೆಲ್ಲಗೆ ತಟ್ಟಿದರು. ನಾನು ಕುರ್ಚಿ ಬಿಟ್ಟು ಎದ್ದೇಬಿಟ್ಟೆ. ಬೇರೆ ಸಾಕ್ಷಿ ಬೇಕಾಗಲಿಲ್ಲ.

ಉಳಿದದ್ದೆಲ್ಲ ಶಾಸ್ತ್ರೋಕ್ತ. ಸೂಜಿ ಚುಚ್ಚಿ ತುಟಿ ಮರಗಟ್ಟುವವರೆಗೆ ಕಾಯ್ದರು. ವಸಡು ಬಿಡಿಸಿದರು, ಒತ್ತಿ ಹಿಡಿದರು, ಅತ್ತ ಇತ್ತ ಅಲ್ಲಾಡಿಸಿದರು. ಗೂಟ ನಿಜಕ್ಕೂ ತಾನಾಗಿ ಬಂತು. ಗುಳಿಯ ಮೇಲೆ ಹತ್ತಿಯ ಉಂಡೆ ಇಟ್ಟು, “ಅರ್ಧ ತಾಸು ಇದನ್ನ ಗಟ್ಟಿ ಕಚ್ಚಿ ಹಿಡೀರಿ, ಮಾತಾಡಬ್ಯಾಡ್ರಿ. ಕಚ್ಚೂದು ನಿಮಗ ಹೇಳಿಕೊಡಬೇಕಾಗಿಲ್ಲ ಬಿಡ್ರಿ” ಎಂದರು.

ಮನೆಗೆ ಮರಳುವಾಗ ಧಾರವಾಡದ ಮೋಟಾರಿನಲ್ಲಿ ಪಕ್ಕದ ಅಜ್ಜಿ ನನ್ನ ಮುಖ ನೋಡಿ ನಮ್ಮವರನ್ನು ಕೇಳಿದಳು: “ಏನಾಗೇತೋ ಯಪ್ಪಾ ಈಕಿಗೆ?”

ನಮ್ಮವರು ಬಾಯಿ ತೆರೆದರು. ನನ್ನ ಕಡೆ ನೋಡಿದರು. ಮುಚ್ಚಿಕೊಂಡರು. “ಆಕಿನ್ನ ಕೇಳಬೇ. ಇನ್ನೊಂದ್ ಸ್ವಲ್ಪ ಹೊತ್ತಿಗೆ ತಾನ ಹೇಳ್ತಾಳ.”

ಅರ್ಧ ತಾಸು ನಡುದಾರಿಯ ರಾಯಾಪುರದ ಹತ್ತಿರವೇ ಮುಗಿದಿತ್ತು, ರಕ್ತವೂ ನಿಂತಿತ್ತು. ಆದರೆ ಅಜ್ಜಿ ಕಾಯುತ್ತಿದ್ದಳು, ನಮ್ಮವರೂ ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದರು. ನನ್ನ ಮಾತಿಗಾಗಿ ಇಬ್ಬರು ಒಟ್ಟಿಗೆ ಕಾಯುವುದು ನನಗೆ ಹೊಸದು, ಬಲು ರುಚಿಯಾಗಿಯೂ ಇತ್ತು. ಧಾರವಾಡ ಬರುವವರೆಗೂ ಹತ್ತಿ ತೆಗೆಯಲಿಲ್ಲ.